ಜೂನ್ ಒಂದರಂದು ಹುಟ್ಟಿದವರು

ನಮ್ಮ ರಾಜ್ಯದ ಸರ್ಕಾರಿ ನೌಕರರಲ್ಲಿ ನಿವೃತ್ತಿಯ ಅಂಚಿಗೆ ಬಂದವರ ಜನ್ಮದಿನಾಂಕಗಳನ್ನು ಒಂದೆಡೆ ಹರವಿಕೊಂಡು ಕೂತರೆ ನಗು ಬರುತ್ತದೆ. ಎಷ್ಟೊಂದು ಮಂದಿ ಜೂನ್ 1ರಂದೇ ಹುಟ್ಟಿದ್ದಾರೆ! ಗುಟ್ಟೇನೂ ದೊಡ್ಡದಲ್ಲ. ಜೂನ್ ಅಂದರೆ ಶಾಲೆ ಬಾಗಿಲು ತೆರೆಯುವ ತಿಂಗಳು. ಅಪ್ಪ ಮಗನ ಕೈ ಹಿಡಿದು ಬಂದ. ಯಾವಾಗ ಹುಟ್ಟಿದ್ದಪ್ಪಾ ಎಂದು ಮೇಷ್ಟ್ರು ಕೇಳಿದರೆ, ಕಾರಹುಣ್ಣಿಮೆ ಹಿಂದೋ ಮುಂದೋ ಎಂದ. ಮೇಷ್ಟ್ರು ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು, ಬಲಗೈ ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎಂದರು. ಮುಟ್ಟಿದರೆ ಒಂದನೇ ಕ್ಲಾಸಿಗೆ ಸೇರಿದ. ವರ್ಷವನ್ನು ಅಂದಾಜಿನಲ್ಲಿ ಹಿಂದಕ್ಕೆ ಎಣಿಸಿ, ದಿನ ಮತ್ತು ತಿಂಗಳಿನ ಜಾಗದಲ್ಲಿ 1-6 ಎಂದು ಬರೆದು ದಾಖಲಾತಿ ಪುಸ್ತಕ ಮುಚ್ಚಿದರು.

ಆ ಒಂದು ಗೆರೆ ಬರವಣಿಗೆ ಮುಂದೆ ಐವತ್ತೈದು ವರ್ಷ ಕೆಲಸ ಮಾಡುತ್ತದೆ. ವರ್ಗಾವಣೆ ಪತ್ರಕ್ಕೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಯ ಸೇವಾ ಪುಸ್ತಕಕ್ಕೆ ಅದೇ ದಿನಾಂಕ ನಡೆದುಹೋಗುತ್ತದೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ ಪ್ರತಿ ವರ್ಷ ಮೇ 31ರ ಸಂಜೆ ಕಚೇರಿ ಕಚೇರಿಗಳಲ್ಲಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮಾರನೆಯ ತಿಂಗಳಿಂದ ಪಿಂಚಣಿ.

ಅದೇ ಊರಿನಲ್ಲಿ, ಅದೇ ವರ್ಷ, ಕೈ ಕಿವಿಗೆ ಮುಟ್ಟುತ್ತಿದ್ದರೂ ಶಾಲೆಗೆ ಬಾರದ ಹುಡುಗಿಯೊಬ್ಬಳಿದ್ದಳು. ಸೊಂಟದ ಮೇಲೆ ತಮ್ಮನಿದ್ದ, ಬಗಲಲ್ಲಿ ಸಗಣಿ ಪುಟ್ಟಿಯಿತ್ತು. ಅವಳಿಗೆ ಯಾರೂ ಜನ್ಮದಿನ ಕೊಡಲಿಲ್ಲ. ಆಧಾರ್ ಮಾಡಿಸುವ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂತ ಹುಡುಗ ವಯಸ್ಸು ಕೇಳಿ, ಮುಖ ನೋಡಿ, ಒಂದು ವರ್ಷ ಒತ್ತಿದ. ಹೀಗೆ ಬರೇ ವರ್ಷ ಗೊತ್ತಿದ್ದ ಎಷ್ಟೋ ಮಂದಿಯ ಪಾಲಿಗೆ ಹುಟ್ಟಿದ ದಿನ ಜನವರಿ 1 ಆಗಿದೆ. ಜೂನ್ ಒಂದರವರು ಮತ್ತು ಜನವರಿ ಒಂದರವರು ಎಂದು ನಮ್ಮ ಹಿರಿಯರಲ್ಲಿ ಎರಡು ಕುಲಗಳಿವೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಎರಡೂ ದಿನಾಂಕ ಸುಳ್ಳೇ. ಒಂದು ಸುಳ್ಳಿಗೆ ಪಿಂಚಣಿ ಹುಟ್ಟಿತು, ಇನ್ನೊಂದಕ್ಕೆ ಅರ್ಜಿ ಹುಟ್ಟಿತು.

1951ರ ಜನಗಣತಿಯಲ್ಲಿ ಈ ದೇಶದ ಹೆಂಗಸರ ಸಾಕ್ಷರತೆ ನೂರಕ್ಕೆ ಒಂಬತ್ತೂ ಇರಲಿಲ್ಲ. ಆ ಹೊತ್ತಿನಲ್ಲಿ ಮತ್ತು ಅದಕ್ಕೂ ಮುಂಚೆ ಮಕ್ಕಳಾಗಿದ್ದವರು ಮುದುಕರಾದ ಮೇಲೆ ಎಣಿಸಿದ್ದು 2011ರ ಗಣತಿ: ಅರವತ್ತು ದಾಟಿದ ಗಂಡಸರಲ್ಲಿ ಓದು ಬಲ್ಲವರು ಶೇ 59, ಹೆಂಗಸರಲ್ಲಿ ಶೇ 28. ಬಡತನವನ್ನು ಅಳೆಯುವವರು ಈ ಅಂಕಿಗಳನ್ನು ನೋಡಿ, ಓದಿದ್ದರೆ ಒಳ್ಳೆಯ ಕೆಲಸ, ಒಳ್ಳೆಯ ಕೆಲಸವಿದ್ದರೆ ಉಳಿತಾಯ, ಉಳಿತಾಯವಿದ್ದರೆ ನೆಮ್ಮದಿಯ ಮುಪ್ಪು ಎಂದು ಮೆಟ್ಟಿಲು ಕಟ್ಟುತ್ತಾರೆ. ತಪ್ಪೇನಿಲ್ಲ. ಆದರೆ ಮೊದಲ ಮೆಟ್ಟಿಲಿಗಿಂತ ಕೆಳಗೆ ಇನ್ನೊಂದಿದೆ ಎಂದು ನನಗೆ ತೋರುತ್ತದೆ. ಶಾಲೆ ಅಕ್ಷರ ಕಲಿಸುವುದಕ್ಕೆ ಮೊದಲೇ ಮನುಷ್ಯನ ಹೆಸರನ್ನು ಬರೆದುಕೊಳ್ಳುತ್ತದೆ. ಸರ್ಕಾರಕ್ಕೆ ಅವನು ಕಾಣಿಸುವುದು ಆವತ್ತಿನಿಂದ. ಪಿಂಚಣಿಯನ್ನು ಆಮೂಲಾಗ್ರ ನೋಡಿದರೆ ಅದು ಹಣಕ್ಕಿಂತ ಹೆಚ್ಚಾಗಿ ನೆನಪು. ಇಂಥವನು ಇಷ್ಟು ವರ್ಷ ದುಡಿದ ಎಂದು ರಾಜ್ಯ ಇಟ್ಟುಕೊಂಡ ನೆನಪು. ಮುಪ್ಪಿನಲ್ಲಿ ಬಡವರಾದವರನ್ನು ಹತ್ತಿರದಿಂದ ನೋಡಿ, ಅವರಲ್ಲಿ ದುಡಿಯದವರು ತೀರ ಕಡಿಮೆ. ಅವರ ದುಡಿಮೆ ಯಾರ ಪುಸ್ತಕಕ್ಕೂ ಏರಲಿಲ್ಲ, ಅಷ್ಟೆ.

ಪಿಂಚಣಿಯ ಮರ್ಮವನ್ನು ನಮ್ಮಲ್ಲಿ ಅತ್ಯಂತ ಸ್ಪಷ್ಟವಾಗಿ ಹೇಳಿದ್ದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 1982ರ ಡಿಸೆಂಬರ್ 17ರಂದು, ಡಿ.ಎಸ್. ನಕಾರಾ ಪ್ರಕರಣದಲ್ಲಿ. ಪಿಂಚಣಿ ಧಣಿಯ ಕೃಪೆಯಲ್ಲ, ದಾನವಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಣ ಎಂಬುದು ಆ ತೀರ್ಪಿನ ಸಾರ. ನಿವೃತ್ತ ನೌಕರರು ಈಗಲೂ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಆಚರಿಸಲಿ, ಅದು ಹಬ್ಬ ಮಾಡಬೇಕಾದ ತೀರ್ಪೇ. ನನ್ನ ತಕರಾರು ಬೇರೆ. ಬಡ ವೃದ್ಧರಿಗೆಂದು ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ ಹಿಡಿದು ನಾಡಕಚೇರಿಯ ಕಿಟಕಿಯಲ್ಲಿ ನಿಂತವಳ ಮುಂದೆ ಈ ತತ್ವ ಥಟ್ಟನೆ ತಲೆಕೆಳಗಾಗುತ್ತದೆ. ನಿವೃತ್ತ ಗುಮಾಸ್ತರು ತಾವು ದುಡಿದೆವೆಂದು ತೋರಿಸಿದರೆ ಸಾಕು. ಅವರಿಗೆ ಎರಡು ಮನೆ, ಮೂರು ಎಕರೆ ತೋಟ ಇದ್ದರೂ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಕೂಲಿಯವಳು ತನ್ನಲ್ಲಿ ಏನೂ ಇಲ್ಲವೆಂದು ತೋರಿಸಬೇಕು. ವರ್ಷದ ಆದಾಯ 32,000 ರೂಪಾಯಿಯೊಳಗೆ ಇರಬೇಕು. ನಲವತ್ತು ವರ್ಷ ಕಳೆ ಕಿತ್ತದ್ದರ ಬಗ್ಗೆ ನಮೂನೆಯಲ್ಲಿ ಒಂದು ಕಾಲಂ ಕೂಡ ಇಲ್ಲ.

ಮೊತ್ತಗಳನ್ನೂ ಹೇಳಿಬಿಡುತ್ತೇನೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾದ ಮೇಲೆ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಪಿಂಚಣಿ ತಿಂಗಳಿಗೆ 13,500 ರೂಪಾಯಿ. 2007ರಲ್ಲಿ 400 ರೂಪಾಯಿಯಿಂದ ಶುರುವಾದ ಸಂಧ್ಯಾ ಸುರಕ್ಷಾ ಈಗ 1,200. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು 2006ರಲ್ಲಿ 200 ರೂಪಾಯಿ ಆದದ್ದು ಅಲ್ಲಿಗೇ ನಿಂತಿದೆ; ಎಂಬತ್ತು ದಾಟಿದವರಿಗೆ ಮಾತ್ರ 500. ಪಾವಗಡದ ಅಜ್ಜಿ 1,200 ಎಣಿಸಿಕೊಳ್ಳುವಾಗ, ಗಡಿಯಾಚೆ ಮಡಕಶಿರಾದಲ್ಲಿ ಕನ್ನಡವನ್ನೇ ಆಡುವ ಅವಳ ತಂಗಿಗೆ ಆಂಧ್ರ ಸರ್ಕಾರ 2024ರ ಜುಲೈನಿಂದ 4,000 ಕೊಡುತ್ತಿದೆ. ಅಕ್ಕತಂಗಿಯರಿಬ್ಬರೂ ಒಂದೇ ಶಾಲೆಗೆ ಹೋಗದವರು.

ವಯಸ್ಸಿನ ಪುರಾವೆಯ ಈ ಪಜೀತಿ ನಮ್ಮೊಬ್ಬರದೇ ಅಲ್ಲ. ಬ್ರಿಟಿಷ್ ಸರ್ಕಾರ 1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾನೂನು ಮಾಡಿತು: ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ, 1909ರ ಜನವರಿ 1ರಿಂದ. ಐರ್ಲೆಂಡಿನಲ್ಲಿ ಸಮಸ್ಯೆ ಎದ್ದಿತು. ಅಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ, ಹೀಗಾಗಿ ಎಪ್ಪತ್ತಾದವರ ಕೈಯಲ್ಲಿ ಕಾಗದವಿಲ್ಲ. ಆದರೆ 1839ರ ಜನವರಿಯ ಒಂದು ರಾತ್ರಿ ಇಡೀ ದ್ವೀಪವನ್ನು ಅಲ್ಲಾಡಿಸಿದ ಭಾರೀ ಬಿರುಗಾಳಿ ಬೀಸಿತ್ತು. ಆ ಗಾಳಿ ನೆನಪಿದೆಯೇ ಎಂದು ಅಧಿಕಾರಿಗಳು ಕೇಳುತ್ತಿದ್ದರು. ನೆನಪಿದೆ ಎಂದವರಿಗೆ ವಯಸ್ಸಾಗಿದೆ ಎಂದು ಲೆಕ್ಕ. ಎಷ್ಟು ಜನರಿಗೆ ಆ ಗಾಳಿ ನೆನಪಾಗಿರಬಹುದು ಎಂದು ನೀವೇ ಊಹಿಸಿಕೊಳ್ಳಿ. ಸುಳ್ಳು ಹೇಳಿದವರಿದ್ದರು, ನಿಜ. ಆದರೂ ನನಗೆ ಆ ಏರ್ಪಾಟು ಇಷ್ಟ. ಓದದವರು ಕಾಲವನ್ನು ಎಣಿಸುವ ರೀತಿಯನ್ನು ಸರ್ಕಾರವೊಂದು ಒಪ್ಪಿಕೊಂಡಿತ್ತು. ನಮ್ಮ ಕಲಬುರಗಿ, ವಿಜಯಪುರದ ಕಡೆಯ ಮುದುಕಿಯರೂ ಹಾಗೆಯೇ ಎಣಿಸುವುದು: ಎಪ್ಪತ್ತೆರಡರ ಬರ ಬಿದ್ದಾಗ ನನ್ನ ದೊಡ್ಡ ಮಗ ತೊಟ್ಟಿಲಾಗಿದ್ದ ಎನ್ನುತ್ತಾರೆ. ಇಷ್ಟು ನಿಖರವಾದ ಪುರಾವೆಯನ್ನು ಯಾವ ತಂತ್ರಾಂಶವೂ ತೆಗೆದುಕೊಳ್ಳುವುದಿಲ್ಲ.

ತಂತ್ರಾಂಶಕ್ಕೆ ಬೇಕಾದದ್ದು ಬೆರಳು. ತುಮಕೂರು ಕಡೆಯ ಒಂದು ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆಯಲ್ಲಿ ಬ್ಯಾಂಕ್ ಮಿತ್ರನ ಮೇಜು. ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ, ಪಕ್ಕದಲ್ಲಿ ಒದ್ದೆ ಬಟ್ಟೆ, ಕೊಬ್ಬರಿ ಎಣ್ಣೆಯ ಸಣ್ಣ ಸೀಸೆ. ವೃದ್ಧಾಪ್ಯ ವೇತನ ಬಂದಿದೆಯಂತೆ ಎಂಬ ಸುದ್ದಿ ಹಬ್ಬಿದ ಬೆಳಿಗ್ಗೆ ಜಗಲಿಯ ತುಂಬ ಮುದುಕಿಯರು. ಹುಡುಗ ಒಬ್ಬೊಬ್ಬರ ಬೆರಳನ್ನು ಒರೆಸಿ, ಎಣ್ಣೆ ಸವರಿ, ಮತ್ತೆ ಒರೆಸಿ ಗಾಜಿನ ಮೇಲೆ ಒತ್ತಿಸುತ್ತಾನೆ. ಅಡಿಕೆ ಸುಲಿದ, ಹುಣಸೆಹಣ್ಣು ಕುಟ್ಟಿದ, ನಲವತ್ತು ವರ್ಷ ಕಳೆಗುದ್ದಲಿ ಹಿಡಿದ ಬೆರಳುಗಳು. ಗೆರೆಗಳೆಲ್ಲ ನುಣ್ಣಗಾಗಿವೆ.

“ಹೆಬ್ಬೆಟ್ಟು ಬ್ಯಾಡ, ಪಕ್ಕದ್ ಬೆರಳು ಇಡಜ್ಜಿ.”

“ಇಟ್ಟೆ ಮಗಾ.”

“ತಗೊಳ್ತಾ ಇಲ್ಲ. ಎಡಗೈ ಕೊಡು.”

“ತಗೊಳ್ಳೋದೆಂಗೆ? ಗೆರೆಯೆಲ್ಲಾ ಗೌಡ್ರ ಹೊಲದಾಗೆ ಸವೆದೋಯ್ತಲ್ಲ.”

ಜಗಲಿಯ ಹೆಂಗಸರೆಲ್ಲ ನಕ್ಕರು, ಹುಡುಗನೂ ನಕ್ಕ. ಹತ್ತೂ ಬೆರಳಾದ ಮೇಲೆ ನಾಳೆ ಬಾ ಎಂದ. ಅವನದೇನೂ ತಪ್ಪಿಲ್ಲ, ಕಣ್ಣಿನ ಪಾಪೆ ನೋಡುವ ಯಂತ್ರ ಅವನ ಬಳಿ ಇರಲಿಲ್ಲ. ನನಗೆ ಹೊಳೆದದ್ದಿಷ್ಟು: ಅವಳ ದುಡಿಮೆಗೆ ಇದ್ದ ಒಂದೇ ಒಂದು ದಾಖಲೆ ಆ ಸವೆದ ಬೆರಳು. ದುಡಿಮೆ ಹೆಚ್ಚಾದಷ್ಟೂ ದಾಖಲೆ ಅಳಿಸಿಹೋಗುವ ವಿಚಿತ್ರ ಲೆಕ್ಕಪತ್ರ ಅದು. ಸೇವಾ ಪುಸ್ತಕದಲ್ಲಾದರೆ ವರ್ಷ ಕಳೆದಂತೆ ಹಾಳೆ ಸೇರುತ್ತದೆ.

ಒಂದೇ ಆವರಣದಲ್ಲಿ ಈ ಎರಡೂ ಲೆಕ್ಕಗಳನ್ನು ನೋಡಬೇಕಾದರೆ ಯಾವುದಾದರೂ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಬೇಕು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ 2002ರ ಸುಮಾರಿಗೆ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಬೇಗನೆ ರಾಜ್ಯದ ಉಳಿದೆಡೆಗೂ ಹರಡಿತು. ಅಡುಗೆಗೆ ಬಂದವರಲ್ಲಿ ಹೆಚ್ಚಿನವರು ಅದೇ ಊರಿನ ಬಡ ಹೆಂಗಸರು, ಅನೇಕರು ವಿಧವೆಯರು. ಅವರಿಗೆ ಸಂಬಳವಿಲ್ಲ, ಇರುವುದು ಗೌರವಧನ. ಕೇಂದ್ರ ಇದಕ್ಕೆ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು, ಬೇಸಿಗೆ ರಜೆಯಲ್ಲಿ ಯಾರೂ ಊಟ ಮಾಡುವುದಿಲ್ಲ ಎಂಬಂತೆ. ರಾಜ್ಯ ತನ್ನ ಪಾಲು ಸೇರಿಸಿದ ಮೇಲೂ ಅದು ಕೆಲವು ಸಾವಿರ ದಾಟಲಿಲ್ಲ. ಸೇರಿಸಿಕೊಳ್ಳುವಾಗ ಯಾರೂ ಕೇಳದಿದ್ದ ಹುಟ್ಟಿದ ದಿನ, ಅರವತ್ತಾದವರನ್ನು ಬಿಡಿಸಬೇಕು ಎಂದಾಗ ಇದ್ದಕ್ಕಿದ್ದಂತೆ ನೆನಪಾಯಿತು. ಇಪ್ಪತ್ತು ವರ್ಷ ನೂರಾರು ಮಕ್ಕಳಿಗೆ ಅನ್ನ ಬೇಯಿಸಿದವರು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಬೀದಿಗಿಳಿದು ಕೇಳಿದರು. ಮುಖ್ಯ ಶಿಕ್ಷಕರು ಮತ್ತು ಮುಖ್ಯ ಅಡುಗೆಯವರು ಒಂದೇ ವರ್ಷ ಅದೇ ಶಾಲೆಯ ಗೇಟು ದಾಟುತ್ತಾರೆ. ಶಿಕ್ಷಕರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ. ಅಡುಗೆಯವಳಿಗೆ ಅರವತ್ತರಿಂದ ಅರವತ್ತನಾಲ್ಕರವರೆಗೆ, ಅರ್ಜಿ ಒಪ್ಪಿಗೆಯಾದರೆ, ತಿಂಗಳಿಗೆ 800 ರೂಪಾಯಿ ವೃದ್ಧಾಪ್ಯ ವೇತನ. ಹಬ್ಬದ ದಿನ ಪಾಯಸಕ್ಕೆ ಸಕ್ಕರೆ ಸರಿಯಾಗಿದೆಯೇ ಎಂದು ಇಬ್ಬರೂ ಒಂದೇ ಸೌಟಿನಿಂದ ರುಚಿ ನೋಡಿದ್ದವರು.

ಹಾಗಾದರೆ ಓದದವರಿಗೆ ಮುಪ್ಪಿನ ಯೋಚನೆಯೇ ಇರಲಿಲ್ಲವೇ? ಇತ್ತು. ಅವರದೇ ಒಂದು ಪಿಂಚಣಿ ಯೋಜನೆಯೂ ಇತ್ತು. ಅದರ ಹೆಸರು ಮಕ್ಕಳ ಓದು.

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಮಾರನೆಯ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ಕಾರಣ ಪಿ.ಎಫ್. ನಿಯಮದ ಬದಲಾವಣೆ: ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಮುಪ್ಪಿಗೆಂದು ಇಟ್ಟ ದುಡ್ಡು ಮುಪ್ಪಿಗೇ ಉಳಿಯಲಿ ಎಂಬುದು ಸರ್ಕಾರದ ವಾದ. ಕೇಳಲು ಎಷ್ಟು ಚೆನ್ನಾಗಿದೆ! ಎರಡನೇ ದಿನದ ಹೊತ್ತಿಗೆ ಕೇಂದ್ರ ಆ ನಿಯಮ ಹಿಂತೆಗೆದುಕೊಂಡಿತು. ತಮ್ಮ ಒಳಿತು ತಮಗೇ ತಿಳಿಯದ ಹೆಂಗಸರು ಎಂದು ಮರುಗಿದ ವಿದ್ಯಾವಂತರು ಆಗ ಇದ್ದರು.

ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ಹೊಲಿಗೆ ಲೈನಿನಲ್ಲಿ 58ರವರೆಗೆ ಯಾರೂ ಇರುವುದಿಲ್ಲ. ನಲವತ್ತಕ್ಕೆಲ್ಲ ಸೊಂಟ ಹೋಗುತ್ತದೆ, ಕಣ್ಣು ಮಂಜಾಗುತ್ತದೆ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದದ್ದು ಬಯ್ಯುತ್ತಾನೆ. ನಾಲ್ಕೈದು ವರ್ಷಕ್ಕೊಮ್ಮೆ ಫ್ಯಾಕ್ಟರಿ ಬದಲಿಸಿ, ಆಗ ಕೈಗೆ ಬರುವ ಪಿ.ಎಫ್. ಹಣದಲ್ಲಿ ಮಗನ ಡಿಪ್ಲೊಮಾ ಫೀಸು, ಮಗಳ ಪಿಯುಸಿ, ಕೈಸಾಲ. ಪಿ.ಎಫ್. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಆ ಪಾಲನ್ನೂ ತೆಗೆದುಬಿಟ್ಟರೆ ಪಿಂಚಣಿಯ ಮಾತೇ ಇಲ್ಲ. ಹೀಗೆ ತಮ್ಮ ಮುಪ್ಪನ್ನು ಮುರಿದು ಮಕ್ಕಳ ಶಾಲೆಗೆ ಕಟ್ಟಿದರು. ಇದನ್ನು ತಿಳಿವಳಿಕೆ ಇಲ್ಲದ ಖರ್ಚು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಜೂನ್ ಒಂದರವರ ಮುಪ್ಪು ಹೇಗಿರುತ್ತದೆ ಎಂದು ಕಣ್ಣಾರೆ ಕಂಡು, ತಮ್ಮ ಮಕ್ಕಳಿಗೂ ಅದು ದಕ್ಕಲಿ ಎಂದು ಹೂಡಿದ ಹಣ ಅದು.

ತೊಂದರೆ ಬೇರೆ ಕಡೆ ಆಯಿತು. ಅವರು ಶಾಲೆಗೆ ಹಣ ಕಟ್ಟುತ್ತಿದ್ದ ಕಾಲದಲ್ಲೇ ಶಾಲೆಗೂ ಪಿಂಚಣಿಗೂ ಇದ್ದ ಕೊಂಡಿ ಕಳಚತೊಡಗಿತ್ತು. ಕೇಂದ್ರದಲ್ಲಿ 2004ರ ಜನವರಿಯಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸೇರಿದ ನೌಕರರಿಗೆ ಹಳೆಯ ಪಿಂಚಣಿ ಇಲ್ಲ. ಅದು ದೊಡ್ಡ ಸುದ್ದಿ, ಧರಣಿಗಳಾಗಿವೆ, ಚುನಾವಣೆಗಳಲ್ಲಿ ಚರ್ಚೆಯಾಗಿದೆ. ಸುದ್ದಿಯಾಗದವರು ಬಿ.ಎ., ಬಿ.ಎಡ್. ಮುಗಿಸಿ ಖಾಸಗಿ ಶಾಲೆಗಳಲ್ಲಿ ಪಾಠ ಹೇಳಿದವರು. 1995ರ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ಎಂಟು ಸಾವಿರ ಸಂಬಳಕ್ಕೆ ಹದಿನೆಂಟು ವರ್ಷ ಪಾಠ ಮಾಡಿದ ಮೇಡಂಗೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಇದರ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು 2014ರಲ್ಲಿ ಗೊತ್ತು ಮಾಡಲಾಯಿತು. ಅವರ ಅಂಕಪಟ್ಟಿಯಲ್ಲೂ ಜೂನ್ 1 ಇರಬಹುದು, ಬರವಣಿಗೆ ಮುತ್ತು ಪೋಣಿಸಿದಂತಿರಬಹುದು. ಓದು ಅವರನ್ನು ಕಾಣಿಸುವಂತೆ ಮಾಡಿತು, ಆದರೆ ಅವರ ಸೇವೆ ತನ್ನದೆಂದು ಹೇಳುವವರು ಯಾರೂ ಸಿಗಲಿಲ್ಲ.

ಇನ್ನು ಓದಿಸಿದ ಮಕ್ಕಳು. 2007ರಲ್ಲಿ, ಸಂಧ್ಯಾ ಸುರಕ್ಷಾ ಬಂದ ವರ್ಷವೇ, ತಂದೆತಾಯಿಯರ ಪೋಷಣೆಯ ಕಾನೂನನ್ನೂ ಸಂಸತ್ತು ಮಾಡಿತು. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ತಿಂಗಳಿಗೆ 10,000 ರೂಪಾಯಿವರೆಗೆ ಪಡೆಯಬಹುದು. ಕೈಬಿಟ್ಟ ಶ್ರೀಮಂತ ಮಕ್ಕಳ ವಿಷಯದಲ್ಲಿ ಇದು ಕೆಲಸಕ್ಕೆ ಬರುತ್ತದೆ. ಆದರೆ ಡಿಪ್ಲೊಮಾ ಮುಗಿಸಿ ನೆಲಮಂಗಲದ ಗೋದಾಮಿನಲ್ಲಿ ಗುತ್ತಿಗೆ ಮೇಲೆ ಪೆಟ್ಟಿಗೆ ಎತ್ತುತ್ತಿರುವ ಮಗನ ಮೇಲೆ ಯಾವ ತಾಯಿ ಅರ್ಜಿ ಹಾಕುತ್ತಾಳೆ? ಹಾಕಿದರೂ ಅವನಲ್ಲಿ ಏನಿದೆ? ಅವನೇ ಬಾಡಿಗೆಗೆ ಪರದಾಡುತ್ತಿದ್ದಾನೆ, ಅವನ ಮುಪ್ಪಿಗೂ ಎಲ್ಲೂ ಏನೂ ಜಮೆಯಾಗುತ್ತಿಲ್ಲ.

ಹಿರಿಯರಿಗೆ ಕೊಟ್ಟ ಹಣ ಹಿರಿಯರಲ್ಲೇ ನಿಲ್ಲುತ್ತದೆಂದೂ ಅಲ್ಲ. ದಕ್ಷಿಣ ಆಫ್ರಿಕಾ 1990ರ ದಶಕದ ಆರಂಭದಲ್ಲಿ ತನ್ನ ವೃದ್ಧಾಪ್ಯ ಪಿಂಚಣಿಯನ್ನು ಕಪ್ಪು ಜನರಿಗೂ ಪೂರ್ತಿಯಾಗಿ ಚಾಚಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅಲ್ಲಿನ ಮನೆಗಳ ಅಂಕಿಅಂಶ ಪರಿಶೀಲಿಸಿ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪಿಂಚಣಿ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಮೊಮ್ಮಗಳಂದಿರ ಎತ್ತರ, ತೂಕ ಸುಧಾರಿಸಿತ್ತು. ಅಜ್ಜನ ಕೈಗೆ ಬಂದ ಮನೆಗಳಲ್ಲಿ ಅಂಥದ್ದು ಕಾಣಲಿಲ್ಲ. (ಅಜ್ಜಂದಿರು ಬೇಸರಿಸಿಕೊಳ್ಳಬಾರದು.) ನಮ್ಮಲ್ಲಿಯೂ ಆ 1,200 ರೂಪಾಯಿ ಎಲ್ಲಿಗೆ ಹೋಗುತ್ತದೆಂದು ಕೇಳಿ ನೋಡಿ: ಬಿ.ಪಿ. ಮಾತ್ರೆ, ಎಲೆ ಅಡಿಕೆ, ಮೊಬೈಲ್ ರೀಚಾರ್ಜ್, ಮೊಮ್ಮಗನ ನೋಟ್‌ಬುಕ್. ಶಾಲೆಗೆ ಹೋಗದವಳು ಎರಡನೇ ಸಲ ಶಾಲೆಗೆ ಹಣ ಕಟ್ಟುತ್ತಿದ್ದಾಳೆ.

ಮತ್ತೆ ನಕಾರಾ ತೀರ್ಪಿನ ತರ್ಕಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ಎಲ್ಲಿಯವರೆಗೆ ಚಾಚಬಹುದು ಎಂಬುದೇ ಪ್ರಶ್ನೆ. ಅದು ಸರ್ಕಾರಿ ನೌಕರರಲ್ಲೇ ನಿಲ್ಲಬೇಕಿಲ್ಲ ಎಂಬುದಕ್ಕೆ ಈಚಿನ ಉದಾಹರಣೆ ಅಂಗನವಾಡಿ. ಅಲ್ಲಿಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಸಿಗುತ್ತಿದ್ದದ್ದು ಗೌರವಧನವೇ. ಗುಜರಾತಿನಿಂದ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು, ಹೆಸರು ಏನೇ ಇರಲಿ ಆ ಹಣ ವೇತನವೇ, ಅವರು 1972ರ ಕಾಯ್ದೆಯಡಿ ಗ್ರಾಚ್ಯುಟಿಗೆ ಹಕ್ಕುದಾರರು ಎಂದಿತು. ಹೀಗೆ ಸೇವೆಯ ಗೆರೆ ಒಂದು ಹೆಜ್ಜೆ ಹೊರಗೆ ಸರಿಯಿತು. ಅಂಗನವಾಡಿಗೆ ಹೊಂದಿದ ಈ ತರ್ಕ ನೂರು ಹೆಜ್ಜೆ ಆಚೆಗಿನ ಬಿಸಿಯೂಟದ ಅಡುಗೆಮನೆಗೆ ಹೊಂದುವುದಿಲ್ಲ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಕಷ್ಟ ಬರುವುದು ಹೊಲದಲ್ಲಿ. ಅಲ್ಲಿ ಒಬ್ಬ ಮಾಲೀಕನಿಲ್ಲ. ಈವತ್ತು ಗೌಡರ ನಾಟಿ, ನಾಳೆ ಶ್ಯಾನುಭೋಗರ ಕುಯ್ಲು, ನಾಡಿದ್ದು ತನ್ನಷ್ಟೇ ಬಡವನಾದ ಸಣ್ಣ ರೈತನ ಕಳೆ. ಇವರಲ್ಲಿ ಯಾರನ್ನು ಹಿಡಿದು ಪಿಂಚಣಿ ಕೇಳುವುದು? ಆ ಸಣ್ಣ ರೈತ ತಾನೇ ಸಂಧ್ಯಾ ಸುರಕ್ಷಾದ ಸಾಲಿನಲ್ಲಿ ನಿಂತಿದ್ದಾನೆ. ಆದರೆ ಅವಳು ನೆಟ್ಟ ಭತ್ತ ಗೌಡರ ಕಣಜದಲ್ಲಿ ಉಳಿಯಲಿಲ್ಲ. ಮಿಲ್ಲಿಗೆ ಹೋಯಿತು, ಪೇಟೆಗೆ ಬಂತು, ಕೂಲಿ ಅಗ್ಗವಾಗಿದ್ದರಿಂದ ಅಕ್ಕಿಯೂ ಅಗ್ಗವಾಗಿ ನಮ್ಮ ತಟ್ಟೆಗೆ ಬಿತ್ತು, ಜೂನ್ ಒಂದರಂದು ಹುಟ್ಟಿದ ಮೇಷ್ಟ್ರ ತಟ್ಟೆಗೂ. ತಿಂದವರೆಲ್ಲರ ಪರವಾಗಿ ತೆರಿಗೆ ಎತ್ತುವುದು ಸರ್ಕಾರ. ಅವಳು ಕೊಂಡ ಸೋಪು, ಬೆಂಕಿಪೊಟ್ಟಣದ ಮೇಲೂ ಅದು ತೆರಿಗೆ ಎತ್ತಿದೆ. ಹಾಗಿರುವಾಗ ಅವಳ ಸೇವೆಗೆ ಧಣಿ ಯಾರು ಎಂದು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಅರ್ಜಿ ನಮೂನೆಯಲ್ಲಿ ಆದಾಯ ಎಷ್ಟು ಎಂಬ ಸಾಲನ್ನು ಹೊಡೆದುಹಾಕಿ, ಎಷ್ಟು ವರ್ಷ ದುಡಿದಿರಿ ಎಂದು ಕೇಳಬೇಕು. ಎಪ್ಪತ್ತೆರಡರ ಬರದಿಂದ ಎಂದು ಅವಳು ಹೇಳಿದರೆ ಗುಮಾಸ್ತರು ಅದನ್ನು ಹಾಗೆಯೇ ಬರೆದುಕೊಳ್ಳಬೇಕು. 1,200 ಸಾಕೇ, 4,000 ಬೇಕೇ ಎಂಬ ಚೌಕಾಸಿ ಆಮೇಲಿನದು. ಆಗ ಅದು ಬಾಕಿ ಸಂಬಳದ ಚೌಕಾಸಿಯಾಗಿರುತ್ತದೆ, ಅಜ್ಜಿ ಬಡವಳು ಹೌದೋ ಅಲ್ಲವೋ ಎಂಬ ವಿಚಾರಣೆಯಾಗಿರುವುದಿಲ್ಲ.